ಎಫ್‌ಟಿಪಿ ಪಟ್ಟಿಯ ದಿನಾಂಕ ನಂಬುವ ಪ್ರೋಗ್ರಾಂ ನಿಮ್ಮಲ್ಲಿದೆಯೇ? ಜನವರಿಗೆ ಮುನ್ನ ಪರೀಕ್ಷಿಸಿ

ಎಫ್‌ಟಿಪಿ (ಕಂಪ್ಯೂಟರ್‌ಗಳ ನಡುವೆ ಫೈಲ್ ಸಾಗಿಸುವ ವಿಧಾನ) ಸರ್ವರ್‌ನಿಂದ ದಿನವೂ ಫೈಲ್ ಇಳಿಸಿಕೊಂಡು ಬಿಲ್ಲಿಂಗ್‌ಗೋ ದಾಸ್ತಾನು ಲೆಕ್ಕಕ್ಕೋ ತುಂಬುವ ಪ್ರೋಗ್ರಾಂ ನಿಮ್ಮ ಅಂಗಡಿ, ಕಾರ್ಖಾನೆ ಅಥವಾ ಕಚೇರಿಯಲ್ಲಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಸರ್ವರ್ ಕೊಡುವ ಪಟ್ಟಿಯ ಸಾಲುಗಳನ್ನು ಕತ್ತರಿಸಿ, ಅಲ್ಲಿ ಕಾಣುವ ದಿನಾಂಕದಿಂದ ‘ಇದೇ ಹೊಸ ಫೈಲ್’ ಎಂದು ಅದು ತೀರ್ಮಾನಿಸುತ್ತಿದ್ದರೆ, ಒಂದಲ್ಲ ಒಂದು ದಿನ ಹಣಕ್ಕೇ ಪೆಟ್ಟು ಬೀಳುತ್ತದೆ. ನನ್ನನ್ನು ಕರೆಸಿದ ಒಂದು ಕಡೆ ಅದು ಆಗಲೇ ಬಿದ್ದಿತ್ತು.

ಅದು ಅಡುಗೆ ಎಣ್ಣೆಯ ಸಗಟು ಅಂಗಡಿ. ಎಣ್ಣೆಯ ದರ ಇಂದಿನದು ನಾಳೆಗಿಲ್ಲ. ಸರಬರಾಜು ಮಾಡುವ ಕಂಪನಿ ಪ್ರತಿ ಸಂಜೆ ಮರುದಿನದ ದರಪಟ್ಟಿಯನ್ನು ತನ್ನ ಎಫ್‌ಟಿಪಿ ಸರ್ವರ್‌ಗೆ ಏರಿಸುತ್ತಿತ್ತು. ಬೆಳಗ್ಗೆ ಅಂಗಡಿಯ ಕಂಪ್ಯೂಟರ್ ಅಲ್ಲಿರುವ ಫೈಲ್‌ಗಳಲ್ಲಿ ಎಲ್ಲಕ್ಕಿಂತ ಹೊಸದನ್ನು ಆರಿಸಿ ಬಿಲ್ಲಿಂಗ್‌ಗೆ ತುಂಬುತ್ತಿತ್ತು. ಫೈಲ್ ಹೆಸರಿನಲ್ಲಿ ದಿನಾಂಕವಿರಲಿಲ್ಲ, ಕಂಪನಿಯ ಒಳಗಿನ ಯಾವುದೋ ಸಂಕೇತವಷ್ಟೇ ಇತ್ತು. ಹಾಗಾಗಿ ಪ್ರೋಗ್ರಾಂ ಬರೆದುಕೊಟ್ಟ ಗುತ್ತಿಗೆದಾರರು ಪಟ್ಟಿಯಲ್ಲಿ ಕಾಣುವ ದಿನಾಂಕವನ್ನೇ ಆಧಾರ ಮಾಡಿಕೊಂಡಿದ್ದರು. ಸರ್ವರ್‌ನಲ್ಲಿ ಇವರ ಫೋಲ್ಡರ್ ತೆರೆದದ್ದು, ಪ್ರೋಗ್ರಾಂ ಅಳವಡಿಸಿದ್ದು ಎರಡೂ ಮಾರ್ಚ್‌ನಲ್ಲಿ. ವರ್ಷದ ಕೊನೆಯವರೆಗೂ ಒಂದೇ ಒಂದು ದೂರು ಬಂದಿರಲಿಲ್ಲ.

ಜನವರಿ 1ರ ಬೆಳಗ್ಗೆ ಡಿಸೆಂಬರ್ 31ರ ಸಂಜೆಯ ಫೈಲ್ ಬಂತು, ಬರಬೇಕಾದದ್ದೂ ಅದೇ. ಜನವರಿ 2ರ ಬೆಳಗ್ಗೆಯೂ ಅದೇ ಫೈಲ್ ಬಂತು. ಅದರ ಮರುದಿನವೂ ಅದೇ. ಮೊದಮೊದಲು ದರದಲ್ಲಿ ಹೆಚ್ಚು ವ್ಯತ್ಯಾಸವಿಲ್ಲದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ದರ ಏರಿದ ಮೇಲೂ 15 ಕೆಜಿ ಟಿನ್‌ಗಳು ಹಳೆಯ ದರದಲ್ಲೇ ಹೊರಟವು. ಕಂಪನಿಯ ಬಿಲ್ಲಿಗೂ ಅಂಗಡಿಯ ಬಿಲ್ಲಿಗೂ ತಾಳೆಯಾಗದೆ ಹೋದಾಗ ಮೊದಲು ಬೈಸಿಕೊಂಡವಳು ಬಿಲ್ ಹಾಕುವ ಹುಡುಗಿ. “ದರ ನೋಡಿ ಬಿಲ್ ಹಾಕಮ್ಮಾ ಎಂದು ಎಷ್ಟು ಸಲ ಹೇಳಬೇಕು?” ಎಂದು ಮಾಲೀಕರು ಎಲ್ಲರೆದುರು ಕೇಳಿದರಂತೆ. “ಸಾರ್, ಕಂಪ್ಯೂಟರ್ ತೋರಿಸಿದ ದರವನ್ನೇ ಹಾಕಿದ್ದೇನೆ” ಎಂಬ ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಅವಳು ಹೇಳಿದ್ದು ಅಕ್ಷರಶಃ ನಿಜ. ಚಿಲ್ಲರೆ ಅಂಗಡಿಯವರು ವ್ಯತ್ಯಾಸದ ಹಣ ಕೊಡಲು ಒಪ್ಪಲಿಲ್ಲ, ಬಿಲ್ಲಿನಲ್ಲಿದ್ದಷ್ಟು ಕೊಟ್ಟಾಗಿದೆ ಎಂದರು. ಅದೂ ನ್ಯಾಯವೇ.

ಕಾರಣ ಇಷ್ಟು. ಯುನಿಕ್ಸ್ ಮಾದರಿಯ ಪಟ್ಟಿಯಲ್ಲಿ ಒಂದೊಂದು ಸಾಲಿನಲ್ಲೂ ಅನುಮತಿಗಳು, ಮಾಲೀಕ, ಗುಂಪು, ಗಾತ್ರ, ದಿನಾಂಕ, ಹೆಸರು ಸಾಲಾಗಿ ಬರುತ್ತವೆ. ಫೈಲ್ ಆರು ತಿಂಗಳಿಗಿಂತ ಹಳೆಯದಾಗಿದ್ದರೆ ದಿನಾಂಕದ ಜೊತೆ ವರ್ಷ ಇರುತ್ತದೆ, ಗಂಟೆ ಇರುವುದಿಲ್ಲ. ಅದಕ್ಕಿಂತ ಈಚಿನದಾದರೆ ‘ಡಿಸೆಂಬರ್ 31 18:45’ ಎಂಬಂತೆ ಗಂಟೆ, ನಿಮಿಷ ಇರುತ್ತದೆ, ವರ್ಷವೇ ಇರುವುದಿಲ್ಲ. ಪರದೆಯಲ್ಲಿ ನೋಡುವ ಮನುಷ್ಯನಿಗೆ ಅದು ಕಳೆದ ಡಿಸೆಂಬರ್ ಎಂದು ಹೇಳಿಕೊಡಬೇಕಿಲ್ಲ. ಪ್ರೋಗ್ರಾಂ ಮಾತ್ರ ವರ್ಷ ಕಾಣದಿದ್ದರೆ ಈ ವರ್ಷ ಎಂದುಕೊಳ್ಳುತ್ತಿತ್ತು. ಜನವರಿಯಲ್ಲಿ ಕುಳಿತು ನೋಡಿದರೆ ಡಿಸೆಂಬರ್ 31 ಇನ್ನೂ ಬರಬೇಕಾದ ದಿನ. ಅದಕ್ಕಿಂತ ಹೊಸ ಫೈಲ್ ಬೇರೆ ಯಾವುದಿದ್ದೀತು? ಹಾಗೇ ಬಿಟ್ಟಿದ್ದರೆ ಆರು ತಿಂಗಳು ಕಳೆದು, ಆ ಸಾಲಿನಲ್ಲಿ ವರ್ಷ ಕಾಣಿಸಿಕೊಂಡ ದಿನ ತೊಂದರೆ ತಾನಾಗಿಯೇ ಮಾಯವಾಗುತ್ತಿತ್ತು. ಇಂಥ ದೋಷಗಳ ಬಗ್ಗೆ ನನಗೆ ಭಯವಿರುವುದು ಈ ಕಾರಣಕ್ಕೇ. ಯಾರೂ ಕಂಡುಹಿಡಿಯದೆ ಮುಚ್ಚಿಹೋಗಿ ಮುಂದಿನ ವರ್ಷ ಮತ್ತೆ ಏಳುತ್ತವೆ.

ಇದಕ್ಕೆ ಎಲ್ಲರೂ ಹಚ್ಚುವ ತೇಪೆ, ದಿನಾಂಕ ಮುಂದಿನದಾಗಿ ಕಂಡರೆ ಒಂದು ವರ್ಷ ಹಿಂದಕ್ಕೆ ತಳ್ಳುವುದು. ಅದರಲ್ಲೂ ಅಪಾಯವಿದೆ. ಸರ್ವರ್ ಭಾರತದ ಸಮಯವನ್ನು ತೋರಿಸುತ್ತಿದೆ, ನಿಮ್ಮ ಪ್ರೋಗ್ರಾಂ ಓಡುವ ಕ್ಲೌಡ್ ಯಂತ್ರದ ಗಡಿಯಾರ ಯುಟಿಸಿಯಲ್ಲಿದೆ (ಅಂದರೆ ಗ್ರೀನ್‌ವಿಚ್ ಸಮಯದಲ್ಲಿದೆ) ಎಂದುಕೊಳ್ಳಿ. ಈಗತಾನೇ ಏರಿದ ಫೈಲ್ ಐದೂವರೆ ಗಂಟೆ ಮುಂದಿನದಾಗಿ ಕಾಣುತ್ತದೆ. ತೇಪೆ ಹಚ್ಚಿದ ಪ್ರೋಗ್ರಾಂ ಅದನ್ನು ಒಂದು ವರ್ಷ ಹಳೆಯದೆಂದು ಬದಿಗೆ ಸರಿಸುತ್ತದೆ! ಕನಿಷ್ಠ ಒಂದು ದಿನದ ವಿನಾಯಿತಿ ಕೊಟ್ಟೇ ಈ ತಿದ್ದುಪಡಿ ಮಾಡಬೇಕು. ಲಿನಕ್ಸ್‌ನಲ್ಲಿ ಬಹಳ ಬಳಕೆಯಲ್ಲಿರುವ ಎಫ್‌ಟಿಪಿ ಸರ್ವರ್ ತಂತ್ರಾಂಶ ವಿಎಸ್‌ಎಫ್‌ಟಿಪಿಡಿ, ಬೇರೆ ಸೂಚನೆ ಕೊಡದಿದ್ದರೆ, ಪಟ್ಟಿಯನ್ನು ಗ್ರೀನ್‌ವಿಚ್ ಸಮಯದಲ್ಲೇ ತೋರಿಸುತ್ತದೆ. ಬೆಳಗಿನ ಜಾವ 2 ಗಂಟೆಗೆ ಏರಿಸಿದ ಫೈಲ್ ಹಿಂದಿನ ದಿನದ 20:30ರದ್ದೆಂದು ಕಾಣುತ್ತದೆ. ಯಾವ ಸಮಯವಲಯ ಎಂಬುದನ್ನು ಆ ಸಾಲು ಎಲ್ಲಿಯೂ ಹೇಳುವುದಿಲ್ಲ.

ಸರಬರಾಜುದಾರರು ನಾಳೆ ವಿಂಡೋಸ್ ಸರ್ವರ್‌ಗೆ ಹೋದರೆ ಇನ್ನೊಂದು ಕಥೆ. ಅಲ್ಲಿನ ಸರ್ವರ್ ತಂತ್ರಾಂಶ ಐಐಎಸ್ ರೂಢಿಯಂತೆ ಡಾಸ್ ಶೈಲಿಯ ಪಟ್ಟಿ ಕೊಡುತ್ತದೆ. ‘02-03-24’ ಎಂದು ಕಂಡರೆ ನಾವು ಮಾರ್ಚ್ 2 ಎಂದು ಓದುತ್ತೇವೆ. ಅದು ಫೆಬ್ರವರಿ 3. ತಿಂಗಳು ಮೊದಲು, ದಿನ ಆಮೇಲೆ. ಪ್ರತಿ ತಿಂಗಳ 12ನೇ ತಾರೀಖಿನವರೆಗೆ ತಪ್ಪು ದಿನಾಂಕವೂ ಸರಿಯಾದ ದಿನಾಂಕದಂತೆಯೇ ಕಾಣುತ್ತದೆ, 13ರಂದು ಪ್ರೋಗ್ರಾಂ ನಿಲ್ಲುತ್ತದೆ. ನಿಂತರೆ ಪುಣ್ಯ.

ಇನ್ನು ಹೆಸರುಗಳು. ಸಾಲನ್ನು ಖಾಲಿ ಜಾಗದಲ್ಲಿ ಕತ್ತರಿಸಿ ಒಂಬತ್ತನೆಯ ತುಂಡೇ ಹೆಸರು ಎಂದುಕೊಂಡ ಪ್ರೋಗ್ರಾಂಗೆ ‘ದರಪಟ್ಟಿ ಜನವರಿ.ಸಿಎಸ್‌ವಿ’ ಎಂಬ ಫೈಲ್ ಬರೀ ‘ದರಪಟ್ಟಿ’ ಆಗುತ್ತದೆ. ಆ ಹೆಸರಿನ ಫೈಲ್ ಸರ್ವರ್‌ನಲ್ಲಿ ಇರುವುದೇ ಇಲ್ಲ. ಗುಂಪಿನ ಹೆಸರಿನಲ್ಲೇ ಖಾಲಿ ಜಾಗವಿದ್ದರೆ ಗಾತ್ರದ ಜಾಗಕ್ಕೆ ಪದ ಬಂದು ಕೂರುತ್ತದೆ. ಕನ್ನಡದಲ್ಲಿ ಹೆಸರಿಟ್ಟ ಫೈಲ್‌ಗಳಿದ್ದರೆ ಅಕ್ಷರಸಂಕೇತವನ್ನೂ ನೋಡಿಕೊಳ್ಳಿ. ಎಫ್‌ಟಿಪಿಗೆ ಯುಟಿಎಫ್-8 (ಎಲ್ಲ ಭಾಷೆಗಳ ಅಕ್ಷರಗಳಿಗೂ ಹೊಂದುವ ಸಂಕೇತ) ಬಳಸಬೇಕೆಂದು ಆರ್‌ಎಫ್‌ಸಿ 2640 ಎಂಬ ಇಂಟರ್ನೆಟ್ ನಿಯಮಪತ್ರ ಹೇಳಿದ್ದು 1999ರಲ್ಲಿ. ಆದರೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಎಫ್‌ಟಿಪಿ ಸಲಕರಣೆಯಾದ ಎಫ್‌ಟಿಪಿಲಿಬ್ ತಾನಾಗಿ ಯುಟಿಎಫ್-8ಕ್ಕೆ ಬಂದದ್ದು 3.9ನೇ ಆವೃತ್ತಿಯಲ್ಲಿ. ಅದಕ್ಕೂ ಹಳೆಯದರಲ್ಲಿ ಕನ್ನಡದ ಹೆಸರುಗಳು ಗುರುತು ಸಿಗದಷ್ಟು ಕೆಡುತ್ತವೆ.

ಇದರಲ್ಲಿ ಯಾವುದೂ ಸರ್ವರ್‌ನವರ ತಪ್ಪಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ. ಎಫ್‌ಟಿಪಿಯ ನಿಯಮಗಳನ್ನು ಬರೆದಿಟ್ಟ ಆರ್‌ಎಫ್‌ಸಿ 959, 1985ರ ಅಕ್ಟೋಬರ್‌ನದು. ನಾವು ಇಲ್ಲಿಯವರೆಗೆ ನೋಡಿದ ಪಟ್ಟಿಯನ್ನು ತರುವ ಲಿಸ್ಟ್ ಆದೇಶ ಕೊಡುವ ಮಾಹಿತಿ ಒಂದೊಂದು ವ್ಯವಸ್ಥೆಯಲ್ಲಿ ಒಂದೊಂದು ಥರ ಇರಬಹುದು, ಅದನ್ನು ಪ್ರೋಗ್ರಾಂ ತಾನಾಗಿ ಬಳಸುವುದು ಕಷ್ಟ, ಮನುಷ್ಯರಿಗೆ ಉಪಯೋಗವಾಗಬಹುದು ಎಂದು ಅದರಲ್ಲೇ ಸ್ಪಷ್ಟವಾಗಿ ಹೇಳಲಾಗಿದೆ. ಸರಿಯಾದ ದಾರಿಯೂ ಬಹಳ ಹಿಂದೆಯೇ ಸಿದ್ಧವಾಗಿದೆ. 2007ರ ಆರ್‌ಎಫ್‌ಸಿ 3659 ವಿವರಿಸುವ ಎಂಎಲ್‌ಎಸ್‌ಡಿ ಆದೇಶವು ಪ್ರೋಗ್ರಾಂಗಳಿಗೆಂದೇ ಇರುವ ಪಟ್ಟಿಯನ್ನು ಕೊಡುತ್ತದೆ. ಅದರಲ್ಲಿ ಸಮಯ 20240102131500 ಎಂಬ ರೂಪದಲ್ಲಿ ಬರುತ್ತದೆ: 2024ರ ಜನವರಿ 2, ಯುಟಿಸಿ 13:15, ಅಂದರೆ ನಮ್ಮ ಸಂಜೆ 6.45. ವರ್ಷ ಊಹಿಸಬೇಕಿಲ್ಲ, ವಲಯ ಕೇಳಬೇಕಿಲ್ಲ. ಖಾಲಿ ಜಾಗದ ನಂತರ ಸಾಲಿನ ಕೊನೆಯವರೆಗೆ ಇರುವುದೆಲ್ಲ ಹೆಸರೇ. ಪೈಥಾನ್‌ನಲ್ಲಿ ಇದು 3.3ರಿಂದಲೇ ಇದೆ, ಜಾವಾದಲ್ಲಿ ಅಪಾಚೆ ಕಾಮನ್ಸ್ ನೆಟ್ ಬಳಸುವವರಿಗೂ ಇದೆ.

ಸರ್ವರ್‌ಗೆ ಆ ಆದೇಶ ಗೊತ್ತಿದೆಯೇ ಎಂದು ತಿಳಿಯಲು ಫೀಟ್ ಎಂಬ ಆದೇಶ ಕಳುಹಿಸಿ ಉತ್ತರ ನೋಡಿ. ಗೊತ್ತಿಲ್ಲದಿದ್ದರೆ ಎನ್‌ಎಲ್‌ಎಸ್‌ಟಿಯಿಂದ ಬರೀ ಹೆಸರುಗಳನ್ನು ತಂದು, ಒಂದೊಂದಕ್ಕೂ ಎಂಡಿಟಿಎಂ ಕಳುಹಿಸಿ ಸಮಯ ಕೇಳಿ. ಪಟ್ಟಿ ಉದ್ದವಿದ್ದರೆ ನಿಧಾನವಾಗುತ್ತದೆ, ಆಗಲಿ. ಎಸ್‌ಎಫ್‌ಟಿಪಿಗೆ (ಫೈಲ್ ಸಾಗಿಸುವ ಇನ್ನೊಂದು ಸುರಕ್ಷಿತ ವಿಧಾನ) ಬದಲಾದವರೂ ನಿಶ್ಚಿಂತರಾಗಿ ಕೂರಬೇಡಿ. ಅಲ್ಲಿಯೂ ಮನುಷ್ಯರು ಓದಲೆಂದು ಒಂದು ಉದ್ದನೆಯ ಸಾಲು ಬರುತ್ತದೆ, ಅದನ್ನು ಕತ್ತರಿಸುವವರನ್ನು ನಾನು ನೋಡಿದ್ದೇನೆ. ಅದರ ಪಕ್ಕದಲ್ಲೇ ಗಾತ್ರ, ಸಮಯ ಎರಡೂ ಶುದ್ಧ ಅಂಕಿಗಳಾಗಿ ಬಂದಿರುತ್ತವೆ, ಅವನ್ನೇ ತೆಗೆದುಕೊಳ್ಳಿ.

ಆ ಎಣ್ಣೆ ಅಂಗಡಿಯ ವಿಷಯದಲ್ಲಿ ಕಂಪನಿಯವರನ್ನು ಕೇಳಿಕೊಂಡಾಗ ಫೈಲ್ ಹೆಸರಿನಲ್ಲಿ ವರ್ಷ, ತಿಂಗಳು, ದಿನ ಹಾಕಿಕೊಡಲು ಒಪ್ಪಿದರು. ಮೊದಲೇ ಯಾರಾದರೂ ಕೇಳಿದ್ದರೆ ಅಂದೇ ಒಪ್ಪುತ್ತಿದ್ದರೇನೋ. ಈಗ ಇಂದಿನ ದರಪಟ್ಟಿ ಸಿಗದಿದ್ದರೆ ಬಿಲ್ಲಿಂಗ್ ತೆರೆಯುವುದೇ ಇಲ್ಲ, ಪರದೆಯ ಮೇಲೆ ಎಚ್ಚರಿಕೆ ಬರುತ್ತದೆ. ಮಾಲೀಕರು ಆ ಹುಡುಗಿಯನ್ನು ಕರೆದು, ತಪ್ಪು ನಿನ್ನದಲ್ಲ ಎಂದು ಎಲ್ಲರೆದುರೇ ಹೇಳಿದರು.

ನಿಮ್ಮ ಪ್ರೋಗ್ರಾಂ ಪರೀಕ್ಷಿಸುವುದು ಹೀಗೆ: ಸರ್ವರ್ ಕೊಟ್ಟ ನಿಜವಾದ ಪಟ್ಟಿಯೊಂದನ್ನು ಉಳಿಸಿಕೊಳ್ಳಿ. ಪರೀಕ್ಷೆಗಿಟ್ಟ ಯಂತ್ರದ ತಾರೀಖನ್ನು ಜನವರಿ 2ಕ್ಕೆ ಇಟ್ಟು, ಡಿಸೆಂಬರ್ 31ರ ಮತ್ತು ಜನವರಿ 1ರ ಸಾಲುಗಳಲ್ಲಿ ಅದು ಯಾವುದನ್ನು ಆರಿಸುತ್ತದೆ ನೋಡಿ. ಆಮೇಲೆ ಫೆಬ್ರವರಿ 29ರ ಸಾಲೊಂದನ್ನು ಕೊಡಿ. ವರ್ಷವಿಲ್ಲದ ಆ ದಿನಾಂಕವನ್ನು ಪೈಥಾನ್‌ನ ಡೇಟ್‌ಟೈಮ್ 1900 ಎಂದು ಹಿಡಿಯುತ್ತದೆ. 1900 ಅಧಿಕ ವರ್ಷವಲ್ಲದ್ದರಿಂದ ಅಲ್ಲಿಗೇ ದೋಷ ತೋರಿಸಿ ನಿಲ್ಲುತ್ತದೆ. ಕೊನೆಗೆ ಹೆಸರಿನಲ್ಲಿ ಖಾಲಿ ಜಾಗವಿರುವ ಒಂದು ಕನ್ನಡ ಫೈಲ್ ಇಟ್ಟು ಇಳಿಸಿ ನೋಡಿ. ಯಾವುದಾದರೂ ಒಂದರಲ್ಲಿ ಎಡವಿದರೂ ಆ ಪ್ರೋಗ್ರಾಂ ಬರೆದವರಿಗೆ ಇಂದೇ ಫೋನ್ ಮಾಡಿ.