ಆಫೀಸ್ ಡೆಸ್ಕ್ ಫೋನ್ ಮನೆಗೆ ತಂದವನ ಪಾಡು: ದಯವಿಟ್ಟು ರೂಟರಿಗೆ ಕೈ ಹಚ್ಚಬೇಡಿ

ಆಫೀಸಿನ ಐಪಿ ಫೋನನ್ನು (ನೆಟ್‌ವರ್ಕ್ ಕೇಬಲಿನಲ್ಲಿ ಮಾತಾಡುವ ಫೋನ್) ಮನೆಗೆ ತಂದು ವಿಪಿಎನ್‌ನಲ್ಲಿ, ಅಂದರೆ ಇಂಟರ್ನೆಟ್ಟಿನೊಳಗೆ ಆಫೀಸಿಗೆ ತೋಡಿದ ಗುಟ್ಟಿನ ಸುರಂಗದಲ್ಲಿ, ಓಡಿಸುವ ಯೋಚನೆ ಇದೆಯೇ? ಹಾಗಾದರೆ ಇದನ್ನು ಓದಿ ಮುಂದುವರಿಯಿರಿ. ಅದರಲ್ಲೂ ‘ಆ ಕಡೆಯವರ ದನಿ ಕೇಳಿಸ್ತಿಲ್ಲ’ ಅಂತ ರೂಟರಿನ ಸೆಟ್ಟಿಂಗ್ ಬಿಚ್ಚಿ ಕೂತವರು ಒಂದು ನಿಮಿಷ ತಡೀರಿ. ನಾನು ತಡೆಯಲಿಲ್ಲ.

ಕಂಪನಿ ಬೆಂಗಳೂರಲ್ಲಿ, ಮನೆ ಶಿವಮೊಗ್ಗದಲ್ಲಿ. ಅಪ್ಪ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು, ಮೂರು ತಿಂಗಳು ಊರಲ್ಲೇ ಇರಬೇಕಾಯಿತು. ನನ್ನದು ವಿದೇಶದ ಗಿರಾಕಿಗಳ ಜೊತೆ ಮಾತಾಡುವ ಕೆಲಸ, ಹಾಗಾಗಿ ನನ್ನ ಎಕ್ಸ್‌ಟೆನ್ಷನ್‌ಗೆ ಐಎಸ್‌ಡಿ ತೆರೆದಿತ್ತು. ಈ ಮಾತು ನೆನಪಿಟ್ಟುಕೊಳ್ಳಿ. ‘ಫೋನ್ ತಗೊಂಡೇ ಹೋಗಿ’ ಅಂದರು ಮ್ಯಾನೇಜರ್. ಲ್ಯಾಪ್‌ಟಾಪಿನಲ್ಲಿ ವಿಪಿಎನ್ ಇದ್ದೇ ಇದೆಯಲ್ಲ, ಫೋನಿಗೆ ವೈರ್ ಚುಚ್ಚಿದರಾಯಿತು ಅಂದುಕೊಂಡೆ. ಲ್ಯಾಪ್‌ಟಾಪಿನ ವಿಪಿಎನ್ ಲ್ಯಾಪ್‌ಟಾಪಿಗಷ್ಟೇ, ಪಕ್ಕದ ಫೋನಿಗೆ ಅದರ ಗಾಳಿಯೂ ಸೋಕುವುದಿಲ್ಲ ಅನ್ನುವುದು ಆಮೇಲೆ ತಿಳಿಯಿತು.

ಸಣ್ಣಪುಟ್ಟ ತಾಪತ್ರಯಗಳನ್ನು ಬೇಗ ಮುಗಿಸುತ್ತೇನೆ. ಆಫೀಸಿನಲ್ಲಿ ಫೋನಿಗೆ ಕರೆಂಟು ನೆಟ್‌ವರ್ಕ್ ಕೇಬಲಿನಲ್ಲೇ ಬರುತ್ತಿತ್ತು, ಮನೆಯ ರೂಟರ್ ಅದನ್ನು ಕೊಡುವುದಿಲ್ಲ. ಹಳೇ ಸೆಟ್‌ಟಾಪ್ ಬಾಕ್ಸಿನ 12 ವೋಲ್ಟ್ ಅಡಾಪ್ಟರಿನ ಪಿನ್ ಸರಿಯಾಗಿಯೇ ಕೂರುತ್ತಿತ್ತು. ಸ್ವಿಚ್ ಹಾಕುವ ಮೊದಲು ಫೋನಿನ ಬೆನ್ನು ತಿರುಗಿಸಿ ನೋಡಿದ್ದು ಪುಣ್ಯ, ಅಲ್ಲಿ 5 ವೋಲ್ಟ್ ಅಂತಿತ್ತು. ಬೇರೆ ಅಡಾಪ್ಟರ್ ತಂದೆ. ಆಗ ಫೋನಿಗೆ ಐಪಿ, ಅಂದರೆ ನೆಟ್‌ವರ್ಕಿನ ವಿಳಾಸ, ಸಿಗಲಿಲ್ಲ. ಆಫೀಸಿನ ವಿಲ್ಯಾನ್ ನಂಬರ್ (ಒಂದೇ ನೆಟ್‌ವರ್ಕನ್ನು ಭಾಗ ಮಾಡುವ ಗುರುತು) ಫೋನಿನಲ್ಲಿ ಹಾಗೇ ಉಳಿದಿತ್ತು, ಅದನ್ನು ತೆಗೆದ ಮೇಲೆ ಸಿಕ್ಕಿತು.

ಐಟಿಯವರು ಫೋನಿಗೇ ಹಾಕಲು ಓಪನ್‌ವಿಪಿಎನ್ ಫೈಲ್ ಕಳಿಸಿದ್ದರು. ಹಾಕಿದೆ, ಕನೆಕ್ಟ್ ಆಗಲಿಲ್ಲ. ಫೋನಿನ ಗಡಿಯಾರ 1970ರ ಜನವರಿ 1 ಅನ್ನುತ್ತಿತ್ತು. ಆ ತಾರೀಖಿನ ಲೆಕ್ಕದಲ್ಲಿ ವಿಪಿಎನ್ ಸರ್ಟಿಫಿಕೇಟ್, ಅಂದರೆ ಅದರ ಗುರುತಿನ ಚೀಟಿ, ಇನ್ನೂ ಹುಟ್ಟೇ ಇಲ್ಲ, ಅದಕ್ಕೆ ಸಂಪರ್ಕ ಕೊಡುವುದಿಲ್ಲ. ಸಮಯ ಸರಿಮಾಡಿಕೊಳ್ಳೋಣವೆಂದರೆ ಗಂಟೆ ಹೇಳುವ ಎನ್‌ಟಿಪಿ ಸರ್ವರ್ ಇರುವುದು ಆಫೀಸಿನ ಒಳಗೆ, ಅಲ್ಲಿಗೆ ಹೋಗಲು ವಿಪಿಎನ್ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಹೊರಗಿನ ಎನ್‌ಟಿಪಿ ಸರ್ವರಿನ ವಿಳಾಸ ಹಾಕಿದ ಮೇಲೆ ವಿಪಿಎನ್ ಕೂಡಿತು, ಫೋನ್ ಆಫೀಸಿನ ಎಕ್ಸ್‌ಚೇಂಜಿಗೆ ರಿಜಿಸ್ಟರ್ ಆಯಿತು. ಆ ಖುಷಿಗೆ ಅಮ್ಮ ಕಾಫಿ ಬೇರೆ ಮಾಡಿಕೊಟ್ಟಳು.

ಮೊದಲ ಕರೆಯಲ್ಲೇ ಎಡವಟ್ಟು. ನನ್ನ ಮಾತು ಅವರಿಗೆ ಕೇಳುತ್ತಿದೆ, ಅವರದು ನನಗೆ ಇಲ್ಲ. ಐಟಿಯವರಿಗೆ ಟಿಕೆಟ್ ಹಾಕಿದೆ. ಎರಡು ದಿನ ಉತ್ತರವಿಲ್ಲ. ಕಾಯುವ ತಾಳ್ಮೆ ನನಗಿರಲಿಲ್ಲ. ಯಾವುದೋ ವಿಡಿಯೋದಲ್ಲಿ ಒಬ್ಬ ‘ಫೋನನ್ನು ಡಿಎಂಝಡ್‌ಗೆ ಹಾಕಿ, ಎಲ್ಲ ಪೋರ್ಟೂ ತೆರೆಯುತ್ತದೆ, ದನಿ ಬಂದೇ ಬರುತ್ತದೆ’ ಅಂದ. ಡಿಎಂಝಡ್ ಅಂದರೆ ಹೊರಗಿಂದ ಬಂದದ್ದನ್ನೆಲ್ಲ ರೂಟರ್ ಒಂದೇ ಸಾಧನಕ್ಕೆ ಬಿಟ್ಟುಬಿಡುವ ಸೆಟ್ಟಿಂಗ್, ಪೋರ್ಟ್ ಅಂದರೆ ಹಾಗೆ ಬರುವ ಬಾಗಿಲು. ಹಾಕಿದೆ, ಬರಲಿಲ್ಲ. ಫೈಬರ್ ಹಾಕಿದ ಹುಡುಗನನ್ನು ಕೇಳಿದರೆ, ‘ಸಾರ್, ನಿಮ್ಮದು ಸಿಜಿನ್ಯಾಟ್, ಹೊರಗಿಂದ ಏನೂ ಒಳಗೆ ಬರಲ್ಲ, ಸ್ಟಾಟಿಕ್ ಐಪಿ ತಗೊಳ್ಳಿ’ ಅಂದ. ಸಿಜಿನ್ಯಾಟ್ ಅಂದರೆ ಹಲವು ಮನೆಗಳಿಗೆ ಸೇರಿ ಒಂದೇ ಹೊರ ವಿಳಾಸ, ಸ್ಟಾಟಿಕ್ ಐಪಿ ಅಂದರೆ ನಮ್ಮದೇ ಆದ, ಬದಲಾಗದ ವಿಳಾಸ. ಈಗ ಯೋಚಿಸಿದರೆ, ಹೊರಗಿಂದ ಏನೂ ಬಾರದಿದ್ದದ್ದೇ ನನ್ನನ್ನು ಅಷ್ಟು ದಿನ ಕಾಪಾಡಿತ್ತು. ದುಡ್ಡು ಕೊಟ್ಟು ಆ ಬಾಗಿಲು ತೆಗೆಸಿದೆ. ದನಿ ಆಗಲೂ ಬರಲಿಲ್ಲ.

ಬರುವುದಕ್ಕೆ ಸಾಧ್ಯವೂ ಇರಲಿಲ್ಲ. ಮಾತು ಹೋಗುವುದು ವಿಪಿಎನ್ ಸುರಂಗದೊಳಗೆ. ಮನೆಯ ರೂಟರಿಗೆ ಕಾಣುವುದು ಗೂಢಲಿಪಿಯ ಒಂದೇ ಒಂದು ಹರಿವು, ಒಳಗೆ ದನಿ ಇದೆಯೋ ಇನ್ನೇನಿದೆಯೋ ಅದಕ್ಕೆ ಗೊತ್ತೇ ಆಗುವುದಿಲ್ಲ. ಅಲ್ಲಿ ಎಷ್ಟು ಪೋರ್ಟ್ ತೆರೆದರೇನು? ಕರೆ ಕೂಡಿಸುವ ಎಸ್ಐಪಿ ಸಂದೇಶ ಬೇರೆ, ದನಿ ಹೊತ್ತು ತರುವ ಆರ್‌ಟಿಪಿ ಬೇರೆ. ಆಫೀಸಿನ ನೆಟ್‌ವರ್ಕ್ ಕಾಯುವ ಫೈರ್‌ವಾಲ್ ಮೊದಲನೆಯದನ್ನು ಬಿಟ್ಟಿತ್ತು, ನನ್ನತ್ತ ಬರುವ ಎರಡನೆಯದನ್ನು ತಡೆದಿತ್ತು. ತಪ್ಪು ಬೆಂಗಳೂರಿನಲ್ಲಿ, ನಾನು ಅಗೆಯುತ್ತಿದ್ದದ್ದು ಶಿವಮೊಗ್ಗದಲ್ಲಿ.

ಸ್ಟಾಟಿಕ್ ಐಪಿ ಬಂದ ಎರಡನೇ ರಾತ್ರಿ, ಎರಡೂವರೆಗೆ ಫೋನ್ ಬಡಿದುಕೊಂಡಿತು. ಪರದೆಯ ಮೇಲೆ ‘100’. ಎತ್ತಿದರೆ ಮೌನ. ಹತ್ತು ನಿಮಿಷಕ್ಕೆ ಮತ್ತೆ, ಈ ಸಲ ‘1001’. ನಮ್ಮನೆಯಲ್ಲಿ ಹೊತ್ತಲ್ಲದ ಹೊತ್ತಲ್ಲಿ ಫೋನ್ ಬಂದರೆ ಯಾರೋ ಹೋದರು ಅಂತಲೇ ಅರ್ಥ. ಅಮ್ಮ ಎದ್ದು ಬಂದು ‘ಯಾರಿಗೆ ಏನಾಯ್ತೋ’ ಅಂತ ಬಾಗಿಲಲ್ಲಿ ನಿಂತಳು, ಮಂಚದ ಮೇಲಿಂದ ಅಪ್ಪನೂ ಅದನ್ನೇ ಕೂಗಿ ಕೇಳಿದರು. ಯಾರಿಗೂ ಏನೂ ಆಗಿರಲಿಲ್ಲ. ಎಸ್ಐಪಿ ಸಂದೇಶ ಬರುವ 5060 ಪೋರ್ಟ್ ಎಲ್ಲಿ ತೆರೆದಿದೆ ಅಂತ ಹುಡುಕಿಕೊಂಡು ಇಂಟರ್ನೆಟ್ ಪೂರ್ತಿ ಜಾಲಾಡುವ ಸ್ಕ್ಯಾನರ್‌ಗಳಿವೆ, ಅವು ಬಾಗಿಲು ಬಡಿದಾಗ ಫೋನ್ ಹೀಗೆ ರಿಂಗಾಗುತ್ತದೆ. ನನಗದು ಗೊತ್ತಿರಲಿಲ್ಲ. ರಿಂಗ್ ಸದ್ದು ಸೊನ್ನೆ ಮಾಡಿ ಮಲಗಿದೆ. ಇದಕ್ಕಿಂತ ದೊಡ್ಡ ದಡ್ಡತನ ನಾನು ಮಾಡಿದ್ದು ನೆನಪಿಲ್ಲ.

ಫೋನಿಗೊಂದು ವೆಬ್ ಪುಟ ಇರುತ್ತದೆ. ಅದರ ಲಾಗಿನ್ ಹೆಸರೂ ‘ಅಡ್ಮಿನ್’, ಪಾಸ್‌ವರ್ಡೂ ‘ಅಡ್ಮಿನ್’, ಬದಲಿಸಿರಲಿಲ್ಲ. ಆ ಪುಟದಲ್ಲಿ ಕೂತು ನಂಬರ್ ಒತ್ತಿಸಿ ಕರೆ ಮಾಡಿಸಬಹುದು. ಡಿಎಂಝಡ್ ದಯೆಯಿಂದ ಅದು ಊರಿಗೆಲ್ಲ ತೆರೆದಿತ್ತು. ಸೋಮವಾರ ಬೆಳಿಗ್ಗೆ ಆಫೀಸಿನಿಂದ ಮೊಬೈಲಿಗೆ ಕರೆ: ‘ಶನಿವಾರ ರಾತ್ರಿ ನೀವು ಯಾವ ದೇಶಕ್ಕೆ ಮಾತಾಡ್ತಿದ್ರಿ?’ ಫೋನಿನ ಕಾಲ್ ಲಾಗಿನಲ್ಲಿ ನಾನು ಕಂಡು ಕೇಳರಿಯದ ದೇಶಗಳ ಕೋಡ್‌ಗಳು ಸಾಲಾಗಿದ್ದವು. ಕರೆ ನನ್ನ ಫೋನಿನಿಂದ ಹೊರಟು, ವಿಪಿಎನ್ ದಾಟಿ, ಆಫೀಸಿನ ಲೈನಿನಲ್ಲೇ ಹೊರಗೆ ಹೋಗಿದೆ. ಎಕ್ಸ್‌ಚೇಂಜಿನ ಲೆಕ್ಕದಲ್ಲಿ ಅದು ನಾನೇ. ಸಂಬಳದಲ್ಲಿ ಹಿಡಿಯಲಿಲ್ಲ, ಆದರೆ ವಿವರಣೆ ಪತ್ರ ಬರೆಸಿಕೊಂಡರು. ಒಂದು ಕಾಲು ಇಂಟರ್ನೆಟ್ಟಿನಲ್ಲಿ, ಇನ್ನೊಂದು ಕಾಲು ಆಫೀಸಿನ ನೆಟ್‌ವರ್ಕಿನಲ್ಲಿ ಇಟ್ಟ ಪೆಟ್ಟಿಗೆಯನ್ನು ನಾನೇ ಮೇಜಿನ ಮೇಲೆ ಕೂರಿಸಿದ್ದೆ. ಕರೆಗಳಿಗೇ ಮುಗಿದದ್ದು ಅದೃಷ್ಟ ಅಂದರು ಐಟಿಯ ಮೇಡಂ.

ದನಿಯ ತೊಂದರೆಯನ್ನು ಅವರೇ ಹತ್ತು ನಿಮಿಷದಲ್ಲಿ ಬಗೆಹರಿಸಿದರು. ಆರ್‌ಟಿಪಿಗೆ ದಾರಿ ಬಿಟ್ಟರು, ಅಷ್ಟೇ. ನಿಮಗೂ ಒಂದು ಕಡೆ ದನಿ ನಿಂತರೆ ‘ವಾಯ್ಸ್ ಸರ್ವರಿನಿಂದ ವಿಪಿಎನ್ ಐಪಿಗಳಿಗೆ ಆರ್‌ಟಿಪಿ ಬಿಟ್ಟಿದ್ದೀರಾ’ ಅಂತ ಐಟಿಯವರನ್ನು ನೇರವಾಗಿ ಕೇಳಿ. ಫೋನ್ ಮನೆಗೆ ತರುವ ಮೊದಲೇ ಪಾಸ್‌ವರ್ಡ್ ಬದಲಿಸಿಕೊಳ್ಳಿ, ತನ್ನ ಸರ್ವರಿನ ಕರೆಗಳನ್ನು ಮಾತ್ರ ಸ್ವೀಕರಿಸುವ ಸೆಟ್ಟಿಂಗ್ ಹಾಕಿಸಿ, ಬೇಡದಿದ್ದರೆ ಐಎಸ್‌ಡಿ ಮುಚ್ಚಿಸಿ. ವಿಪಿಎನ್ ಫೋನಿನೊಳಗೇ ಇದ್ದರೆ ಮನೆಯ ರೂಟರಿನಲ್ಲಿ ಒಂದು ಪೋರ್ಟನ್ನೂ ತೆರೆಯಬೇಕಿಲ್ಲ.

ಡಿಎಂಝಡ್ ಅಂದೇ ತೆಗೆದೆ, ರಾತ್ರಿಯ ರಿಂಗ್ ನಿಂತಿತು. ಸ್ಟಾಟಿಕ್ ಐಪಿಗೆ ಒಂದು ವರ್ಷದ್ದು ಒಟ್ಟಿಗೇ ಕಟ್ಟಿದ್ದೆ, ಅದು ವಾಪಸ್ ಬರುವುದಿಲ್ಲವಂತೆ.