ಪರೀಕ್ಷಾ ಕೊಠಡಿಯಲ್ಲಿ ಎನ್‌ವಿಡಿಎ: ಕನ್ನಡದಲ್ಲಿ ಉತ್ತರ ಟೈಪಿಸುವವರಿಗೆ ಎಷ್ಟು ಒದಗುತ್ತದೆ?

ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳು ಲಿಪಿಕಾರರ ನೆರವಿಲ್ಲದೆ ಪರೀಕ್ಷೆಯಲ್ಲಿ ಕನ್ನಡದ ದೀರ್ಘ ಉತ್ತರಗಳನ್ನು ತಾವೇ ಬರೆಯಬಹುದಾದ ಸಾಧನಗಳಲ್ಲಿ, ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ (ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ) ನನಗೆ ಅತ್ಯಂತ ಭರವಸೆಯದಾಗಿ ಕಂಡಿದೆ. ಆಸ್ಟ್ರೇಲಿಯದ ಮೈಕೆಲ್ ಕರನ್ 2006ರಲ್ಲಿ ಆರಂಭಿಸಿದ ಈ ತಂತ್ರಾಂಶ ಉಚಿತವಾದುದು. ಇದರೊಡನೆ ಬರುವ ಇಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ಪೆನ್‌ಡ್ರೈವ್‌ನಿಂದಲೇ ನಡೆಸಬಹುದಾದ್ದರಿಂದ ಬೇರೊಂದು ಕಂಪ್ಯೂಟರಿನಲ್ಲಿ ಬಳಸುವುದೂ ಸುಲಭ.

ಲಿಪಿಕಾರರಿಗೆ ಹೇಳಿ ಬರೆಸುವಾಗ ಕಾಗುಣಿತ ಅವರದ್ದಾಗುತ್ತದೆ. ಹಿಂದಿನ ಪುಟದ ವಾಕ್ಯವೊಂದನ್ನು ತಿದ್ದಬೇಕೆನಿಸಿದರೂ ಕೇಳಲು ವಿದ್ಯಾರ್ಥಿ ಹಿಂಜರಿಯುತ್ತಾನೆ. ಇಲ್ಲಿ ಹಾಗಿಲ್ಲ. ಬಾಣದ ಕೀಲಿಗಳನ್ನು ಒತ್ತುತ್ತ ಅಕ್ಷರ, ಪದ, ಸಾಲುಗಳನ್ನು ಕೇಳಿಸಿಕೊಂಡು, ಬೇಡವಾದದ್ದನ್ನು ಅಳಿಸಿ, ವಾಕ್ಯಗಳನ್ನು ಹಿಂದುಮುಂದಾಗಿಸಿ, ತನ್ನದೇ ಶೈಲಿಯಲ್ಲಿ ಉತ್ತರವನ್ನು ರೂಪಿಸಬಹುದು. ಸಾಹಿತ್ಯದ ವಿದ್ಯಾರ್ಥಿಗೆ ಇದು ಸಣ್ಣ ಲಾಭವಲ್ಲ.

ಧ್ವನಿ ಮಾತ್ರ ಯಾಂತ್ರಿಕವಾದುದು; ವೇಗವಾಗಿ ಓದಿಸಿದಾಗ ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸ ನನ್ನ ಕಿವಿಗೆ ಸ್ಪಷ್ಟವಾಗುವುದಿಲ್ಲ. ಇದಕ್ಕಿಂತ ಗಂಭೀರವಾದ ತೊಡಕು ಅಕ್ಷರ ಸಂಕೇತದ್ದು. ಯುನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ ಫಾಂಟಿನಲ್ಲಿರುವ ಪ್ರಶ್ನೆಪತ್ರಿಕೆ ನೋಡುವವರಿಗೆ ಕನ್ನಡವಾಗಿಯೇ ಕಂಡರೂ, ಎನ್‌ವಿಡಿಎ ಅದನ್ನು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಓದುತ್ತದೆ. ಪರೀಕ್ಷೆಯ ಗಂಟೆ ಬಾರಿಸಿದ ಮೇಲೆ ಇದು ಗೊತ್ತಾದರೆ ವಿದ್ಯಾರ್ಥಿಗೆ ಆಗುವ ಅನ್ಯಾಯ ದೊಡ್ಡದು.

ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯು ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳವರಿಗೆ ಕಂಪ್ಯೂಟರಿನಲ್ಲಿ ಬರೆಯುವ ಆಯ್ಕೆಯನ್ನು ನೀಡಿತ್ತು. ಸ್ವಂತ ಲ್ಯಾಪ್‌ಟಾಪ್‌ಗೆ ಅವಕಾಶ ಕೊಡದಿದ್ದರೂ, ಪರೀಕ್ಷಾ ಕೇಂದ್ರದ ಕಂಪ್ಯೂಟರನ್ನು ಒಂದು ದಿನ ಮುಂಚಿತವಾಗಿ ಪರಿಶೀಲಿಸಲು ಬಿಡಬೇಕೆಂದು ಅದು ಸೂಚಿಸಿತ್ತು. ಕನ್ನಡದ ಧ್ವನಿ, ಯುನಿಕೋಡ್ ಪ್ರಶ್ನೆಪತ್ರಿಕೆ, ಹೆಡ್‌ಫೋನ್, ತನಗೆ ರೂಢಿಯಾದ ಕೆ.ಪಿ. ರಾವ್ ಅಥವಾ ಇನ್‌ಸ್ಕ್ರಿಪ್ಟ್ ಕೀಲಿ ವಿನ್ಯಾಸ ಇವೆಲ್ಲ ಇವೆಯೇ ಎಂದು ವಿದ್ಯಾರ್ಥಿ ಪರೀಕ್ಷೆಗೆ ಮುಂಚೆಯೇ ಖಚಿತಪಡಿಸಿಕೊಳ್ಳಬೇಕು.

ಕಣ್ಣು ಚೆನ್ನಾಗಿದ್ದೂ ಕೈಬರಹವೇ ಕಷ್ಟವಾದವರ ಅಗತ್ಯ ಬೇರೆ. ಬರೆಯುವಾಗ ಬೆರಳು ಸೆಟೆದುಕೊಳ್ಳುವ ಅಭ್ಯರ್ಥಿಗೆ ಶೇಕಡಾ 40ರ ಮಿತಿಯನ್ನೊಡ್ಡಿ ಲಿಪಿಕಾರರನ್ನು ನಿರಾಕರಿಸಲಾಗದೆಂದು ವಿಕಾಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ತೀರ್ಪಿತ್ತಿದೆ. ಅಂಥವರಿಗೆ ಬರಿಯ ಕೀಲಿಮಣೆಯೇ ಸಾಕಾಗಬಹುದು.

ಭಾಷೆ, ಇತಿಹಾಸ, ಸಮಾಜಶಾಸ್ತ್ರದ ಪತ್ರಿಕೆಗಳಿಗೆ ಎನ್‌ವಿಡಿಎಯನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಆದರೆ ಟೈಪಿಂಗ್ ಅಭ್ಯಾಸ ಪದವಿಯ ಮೊದಲ ವರ್ಷದಿಂದಲೇ ನಡೆಯಬೇಕು. ರೇಖಾಚಿತ್ರ, ಜ್ಯಾಮಿತಿಗಳಿರುವ ಪತ್ರಿಕೆಗೆ ಸದ್ಯಕ್ಕೆ ಲಿಪಿಕಾರರನ್ನೇ ಕೋರುವುದು ಒಳ್ಳೆಯದು.