ಲಿಲಿ ಆಫ್ ದಿ ವ್ಯಾಲಿ ಪರ್ಫ್ಯೂಮ್: ಎರಡನೇ ಬಾಟ್ಲಿ ತಳ ಕಾಣೋ ಹೊತ್ತಿಗೆ

ನಾಲ್ಕು ಸ್ಟಾರ್ ಕೊಡೋಣ ಅಂತಿದ್ದೆ, ಬೇಡ, ಮೂರೂವರೆ ಸಾಕು. ಸಾಧಾರಣ ರೇಟಿನ ಇಡಿಟಿ (ಓ ಡಿ ಟಾಯ್ಲೆಟ್, ಅಂದ್ರೆ ಹಗುರ ಪರ್ಫ್ಯೂಮ್) ಸ್ಪ್ರೇ ಇದು. ಕಂಪನಿ ಹೆಸರು ಬರಿಯಲ್ಲ, ಯಾಕಂದ್ರೆ ನಾನು ಹೇಳೋದು ಈ ವಾಸನೆ ಇರೋ ಸುಮಾರು ಬಾಟ್ಲಿಗೂ ಸೇರುತ್ತೆ. ದಾವಣಗೆರೆಲಿ ಸ್ಕೂಲಿಗೆ ಹೋಗುವಾಗ ವರ್ಷಗಟ್ಟಲೆಯಿಂದ ಹಾಕ್ಕೊಂಡು ಹೋಗ್ತಿದೀನಿ.

ಪರಿಮಳ ತಣ್ಣಗಿರುತ್ತೆ, ನೀರುನೀರಾಗಿ, ಸ್ವಲ್ಪ ಹಸಿ ಎಲೆ ಥರ, ಶುರುನಲ್ಲಿ ಒಂಚೂರು ನಿಂಬೆ. ನಮ್ಮ ಕಡೆ ಹೂವಿನ ವಾಸನೆ ಅಂದ್ರೆ ದುಂಡುಮಲ್ಲಿಗೆ, ಸಂಪಿಗೆ, ಸುಗಂಧರಾಜ, ಅದಕ್ಕೆ ಒಗ್ಗಿದ ಮೂಗಿಗೆ ಇದು ಮೊದ್ಲು ಸಪ್ಪೆನೇ. ನಮ್ಮತ್ತೆ ಅಂತೂ "ಏನವಾ, ಈಗ ಜಳಕ ಮಾಡಿದ್ಯಾ, ಸೋಪಿನ ವಾಸ್ನೆ ಬರ್ತೈತಲ್ಲ" ಅಂತಾರೆ. ಅವರು ಹೇಳೋದ್ರಲ್ಲಿ ತಪ್ಪೇನಿಲ್ಲ. ಲಿಲಿ ಆಫ್ ದಿ ವ್ಯಾಲಿ ಹೂವಿಂದ ಪರ್ಫ್ಯೂಮಿಗೆ ಆಗೋವಂಥ ಎಣ್ಣೆ ತೆಗಿಯೋಕೇ ಆಗಲ್ಲ, ಯುರೋಪಿನ ಚಳಿ ಕಾಡಲ್ಲಿ ಮೇ ತಿಂಗಳಲ್ಲಿ ಬಿಡೋ ಪುಟ್ಟ ಬಿಳಿ ಗಂಟೆ ಹೂವು ಅದು, ಹಂಗಾಗಿ ಬಾಟ್ಲಿಲಿರೋ ವಾಸನೆ ಪೂರ್ತಿ ಲ್ಯಾಬಲ್ಲಿ ಕೂಡಿಸಿದ್ದು, ಅದೇ ಕೆಮಿಕಲ್‌ಗಳನ್ನ ಸೋಪು ಡಿಟರ್ಜೆಂಟಿಗೂ ದಶಕಗಟ್ಟಲೆ ಹಾಕಿದಾರೆ. 1956ರಲ್ಲಿ ಡಿಯೋರ್ ಕಂಪನಿಗೆ ಡಿಯೋರಿಸ್ಸಿಮೋ ಅಂತ ಇದೇ ಹೂವಿನ ಪರ್ಫ್ಯೂಮ್ ಮಾಡಿದ ಎಡ್ಮಂಡ್ ರೂಡ್ನಿಟ್ಸ್ಕಾ ಕೂಡ ತನ್ನ ತೋಟದಲ್ಲಿ ಗಿಡ ನೆಟ್ಟು ಮೂಸಿ ನೋಡಿ, ಆಮೇಲೆ ಆ ಹೂವಿನ ವಾಸನೆನ ಕೆಮಿಕಲ್‌ನಿಂದಲೇ ಕಟ್ಟಿದ್ದು.

ಈಗ ಅರ್ಧ ಸ್ಟಾರ್ ಯಾಕೆ ಕಟ್ ಮಾಡ್ದೆ ಅಂತ. ಮೊದಲನೇ ಬಾಟ್ಲಿ ಮೆತ್ತಗಿತ್ತು, ಕೆನೆ ಕೆನೆ. ಅದೇ ಹೆಸರು ಅದೇ ಡಬ್ಬದ ಎರಡನೇದು ಯಾಕೋ ಚುರುಕಾಗಿ ಮೂಗಿಗೆ ಹೊಡಿಯೋದು. ಅಂಗಡಿಯೋರು "ಮೇಡಂ ಅದೇ ಮಾಲು, ಏನೂ ಚೇಂಜಿಲ್ಲ" ಅಂದ್ರು. ಎರಡೂ ಡಬ್ಬದ ಹಿಂದೆ ಓದಿದ್ರೆ ಹಳೇದ್ರಲ್ಲಿ ಬ್ಯುಟೈಲ್‌ಫೀನೈಲ್ ಮೀಥೈಲ್‌ಪ್ರೊಪಿಯೋನಲ್ ಅಂತ ಇದೆ, ಹೊಸದ್ರಲ್ಲಿ ಇಲ್ಲ. ಅದೇ ಲಿಲಿಯಲ್, ಈ ವಾಸನೆ ಕೊಡೋ ಒಂದು ಕೆಮಿಕಲ್. ಗರ್ಭ ನಿಲ್ಲೋ ಶಕ್ತಿಗೆ ತೊಂದ್ರೆ ಆಗಬಹುದು ಅಂತ ಯುರೋಪಿಯನ್ ಯೂನಿಯನ್ 2022ರ ಮಾರ್ಚಿಂದ ಕಾಸ್ಮೆಟಿಕ್ಸಲ್ಲಿ ಅದನ್ನ ಬ್ಯಾನ್ ಮಾಡ್ತು. ಅದಕ್ಕೂ ಮುಂಚೆ ಲೈರಲ್ ಅಂತ ಇನ್ನೊಂದು ಚರ್ಮದ ಅಲರ್ಜಿ ಕಾರಣಕ್ಕೆ ಹೋಯ್ತು, 2021ರ ಆಗಸ್ಟಿಂದ ಅಲ್ಲಿ ಅಂಗಡಿಲಿ ಇಡೋ ಹಂಗೇ ಇಲ್ಲ. ಈ ವಾಸನೆ ನಿಂತಿದ್ದೇ ಇಂಥವುಗಳ ಮೇಲೆ, ಒಂದನ್ನ ಎಳೆದ್ರೆ ಬೇರೆ ಯಾವುದನ್ನೋ ತುಂಬಬೇಕು, ಅಷ್ಟೇ. ತೆಗೆದಿದ್ದು ಸರಿನೇ, ಆದ್ರೆ ಡಬ್ಬದ ಮೇಲೆ ಒಂದು ಸಾಲು ಹಾಕಿದ್ರೆ ಏನ್ ಹೋಗ್ತಿತ್ತು? ಹೈಡ್ರಾಕ್ಸಿಸಿಟ್ರೊನೆಲ್ಲಾಲ್ ಅನ್ನೋ ಇಂಥದ್ದೇ ಇನ್ನೊಂದು ಕೆಮಿಕಲ್ ಇನ್ನೂ ಇದೆ, ಅದೂ ಅಲರ್ಜಿ ಪಟ್ಟಿಲಿರೋದೇ, ಕುತ್ತಿಗೆ ತುರಿಸೋರು ಮೈಗೆ ಬೇಡ, ಸೆರಗಿಗೆ ಹೊಡ್ಕೊಳ್ಳಿ.

ಬಾಳಿಕೆ ಬಗ್ಗೆ ಹೇಳ್ಬೇಕಂದ್ರೆ ನಮ್ಮೂರ ಏಪ್ರಿಲ್ ಬಿಸಿಲಿಗೆ ಇದು ಲಾಯಕ್ಕಿಲ್ಲ. ಪಿ.ಜೆ. ಬಡಾವಣೆಯಿಂದ ಆಟೋದಲ್ಲಿ ಸ್ಕೂಲ್ ಮುಟ್ಟೋದ್ರೊಳಗೆ ಮೈಮೇಲೆ ಏನೂ ಉಳಿದಿರಲ್ಲ, ಬೆವರೊಂದೇ. ಜುಲೈ ಜಿಟಿಜಿಟಿ ಮಳೆಲಿ, ಡಿಸೆಂಬರ್ ಬೆಳಿಗ್ಗೆ, ಅದೂ ಕಾಟನ್ ಸೀರೆ ಮೇಲೆ ಮಧ್ಯಾಹ್ನದ ತನಕ ಬರುತ್ತೆ, ಆವಾಗ ಸ್ಟಾಫ್ ರೂಮಲ್ಲಿ ಯಾವುದು ಮೇಡಂ ಇದು ಅಂತ ಕೇಳೇ ಕೇಳ್ತಾರೆ. ಬೆಣ್ಣೆ ದೋಸೆ ಹೋಟ್ಲಿಗೆ ಹೋಗೋ ಪ್ಲಾನ್ ಇದ್ರೆ ಹಾಕೋದೇ ವೇಸ್ಟು, ಆ ತುಪ್ಪಬೆಣ್ಣೆ ಹೊಗೆ ಮುಂದೆ ಇದು ನಿಲ್ಲಲ್ಲ. ಬಾಟ್ಲಿನ ಕಿಟಕಿ ಹತ್ರ, ಬಚ್ಚಲಲ್ಲಿ ಇಡ್ಬೇಡಿ, ಬೀರುವಿನೊಳಗೆ ಕತ್ತಲಲ್ಲಿಡಿ.

ಮದುವೆ ಮನೆಗೆ, ಜಾತ್ರೆಗೆ ಜೋರಾಗಿ ಘಮ್ ಅನ್ಬೇಕು ಅನ್ನೋರು ಅತ್ತರ್ ತಗೊಳ್ಳಿ. ನಾನು ಮತ್ತೆ ತಗೋತೀನಾ? ತಗೋತೀನಿ, ಆದ್ರೆ ಮಳೆ ಹಿಡಿದ್ಮೇಲೆ, ಸಣ್ಣ ಸೈಜಿಂದು, ಅಂಗಡಿಲಿ ಕೈಗೆ ಹಾಕಿಸ್ಕೊಂಡು ಮಾರ್ಕೆಟ್ ಎಲ್ಲಾ ಸುತ್ತಿ ಬಂದು ಆಮೇಲೆ ದುಡ್ಡು ಕೊಡೋದು.